ಗುರಿ ಅಭ್ಯಾಸಕ್ಕೆ ಕಡಿಮೆ ಬೆಲೆಯ 1911 ಪಿಸ್ತೂಲು: ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ ಪರೀಕ್ಷಿಸುವ ಕ್ರಮ

ಅಮೆರಿಕದ ಬಂದೂಕಿನ ಅಂಗಡಿಯಲ್ಲಿ 1911 ಮಾದರಿಯ ಪಿಸ್ತೂಲೊಂದನ್ನು ಕೈಗೆ ಕೊಟ್ಟರೆ ಬಹುಪಾಲು ಮಂದಿ ಮೊದಲು ಮಾಡುವುದು ಅದನ್ನು ಅಲುಗಾಡಿಸಿ ನೋಡುವುದು. ಹಿಂದೆಮುಂದೆ ಜಾರುವ ಮೇಲ್ಭಾಗವಾದ ಸ್ಲೈಡಿಗೂ ಹಿಡಿಯಿರುವ ಕೆಳಭಾಗವಾದ ಫ್ರೇಮಿಗೂ ನಡುವೆ ಗಡಗಡ ಸದ್ದು ಬಂದರೆ ಕಳಪೆ ಮಾಲು, ಸದ್ದು ಬಾರದಿದ್ದರೆ ಒಳ್ಳೆಯ ಮಾಲು ಎಂದು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕದಲ್ಲಿ, ಸದ್ದು ಮಾಡದ, ಮಿರಿಮಿರಿ ಮಿಂಚುವ ಕಪ್ಪು ಪಿಸ್ತೂಲೊಂದನ್ನು ಕೊಂಡೆ. 25 ಗಜ ದೂರದ ಕಾಗದದ ಮೇಲೆ ಅದರ ಐದು ಗುಂಡುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಹರಡಿಕೊಂಡವು. ತಪ್ಪು ನನ್ನ ಕೈಯದೇ ಇರಬೇಕೆಂದು ಎರಡು ತಿಂಗಳು ಅಭ್ಯಾಸ ಮಾಡಿದೆ. ಕೊನೆಗೆ ಕ್ಲಬ್ಬಿನ ಹಿರಿಯರೊಬ್ಬರು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡನ್ನು ಹಿಂದಕ್ಕೆಳೆದು ಚೇಂಬರ್ (ಬ್ಯಾರೆಲ್ಲಿನ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೆಂದು ನನಗೂ ತೋರಿಸಿ, ಸ್ಲೈಡನ್ನು ಮುಚ್ಚಿ, ಬ್ಯಾರೆಲ್ಲಿನ ತುದಿಯನ್ನು ಪಕ್ಕದಿಂದ ಹೆಬ್ಬೆರಳಲ್ಲಿ ಒತ್ತಿದರು. ಸ್ಲೈಡ್ ಫ್ರೇಮಿನ ಮೇಲೆ ಬಿಗಿಯಾಗಿಯೇ ಕುಳಿತಿತ್ತು. ಅಲುಗಾಡುತ್ತಿದ್ದುದು ಸ್ಲೈಡಿನ ಒಳಗಿನ ಬ್ಯಾರೆಲ್. ನಾನು ಕೇಳಿಸಿಕೊಳ್ಳಬೇಕಾಗಿದ್ದುದು ಒಂದು ಕಡೆಯ ಸಡಿಲವನ್ನು, ಕೇಳಿಸಿಕೊಂಡದ್ದು ಇನ್ನೊಂದು ಕಡೆಯದನ್ನು.

ಈ ಲೇಖನ ಅಮೆರಿಕದಲ್ಲಿ ನೆಲೆಸಿರುವ, ಗುರಿ ಶೂಟಿಂಗನ್ನು ಕ್ರೀಡೆಯಾಗಿ ಕಲಿಯಬಯಸುವ, ಆದರೆ ಸಾವಿರಾರು ಡಾಲರ್ ಸುರಿಯಲು ಸಿದ್ಧರಿಲ್ಲದ ಕನ್ನಡಿಗರಿಗಾಗಿ. ಪರೀಕ್ಷೆಯ ಕ್ರಮವನ್ನು ನಾನು ಬೇಕೆಂದೇ ಹೀಗೆ ಇಟ್ಟಿದ್ದೇನೆ: ಮೊದಲು ಸುರಕ್ಷತೆ, ಆಮೇಲೆ ಬ್ಯಾರೆಲ್ಲಿನ ಕೂರಿಕೆ, ಆಮೇಲೆ ತಡೆಯಿಲ್ಲದೆ ಕೆಲಸ ಮಾಡುವ ಗುಣ, ಅದಾದ ಮೇಲೆ ಮಾತ್ರ ಕಾಗದದ ಮೇಲಿನ ನಿಖರತೆ. ಬಣ್ಣ, ಹಿಡಿಯ ಮರ, ಕೆತ್ತನೆಗಳಿಗೆ ಈ ಸಾಲಿನಲ್ಲಿ ಸ್ಥಾನವಿಲ್ಲ.

ಮೊದಲು ಕಾನೂನು

ನಮ್ಮವರಲ್ಲಿ ಅನೇಕರು ಇಲ್ಲಿಗೆ ಎಚ್-1ಬಿ ಅಥವಾ ಎಫ್-1 ವೀಸಾದ ಮೇಲೆ ಬಂದವರಾದ್ದರಿಂದ ಈ ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದೆ. ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿರುವವರು, ಅಧಿಕೃತ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿಗೆ ಒಳಪಟ್ಟವರನ್ನು ಬಿಟ್ಟರೆ, ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವಂತಿಲ್ಲ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ಕಾನೂನಿನ ಕಣ್ಣಿನಲ್ಲಿ ಹೊಂದುವಿಕೆಯೇ ಆಗಬಹುದು. ಗೆಳೆಯರು ಕರೆದರೆಂದು ಹೋಗಿ, ಪಟ ತೆಗೆಸಿಕೊಂಡು, ಮುಂದೆ ಗ್ರೀನ್ ಕಾರ್ಡ್ ಅರ್ಜಿಯ ಹೊತ್ತಿನಲ್ಲಿ ಸಂಕಟಕ್ಕೆ ಸಿಕ್ಕಿಕೊಳ್ಳುವ ಬದಲು, ವೀಸಾದಲ್ಲಿರುವವರು ವಕೀಲರೊಬ್ಬರನ್ನು ಕೇಳಿಯೇ ರೇಂಜಿನ ಬಾಗಿಲು ದಾಟಬೇಕು. ಗ್ರೀನ್ ಕಾರ್ಡ್ ಇರುವವರು ಮತ್ತು ನಾಗರಿಕರು ಕೊಳ್ಳಬಹುದು. ಪರವಾನಗಿ ಹೊಂದಿದ ವ್ಯಾಪಾರಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ಎಂಬ ನಮೂನೆಯನ್ನು ತುಂಬಬೇಕು, ಹಿನ್ನೆಲೆ ಪರಿಶೀಲನೆಯಲ್ಲಿ ತೇರ್ಗಡೆಯಾಗಬೇಕು. ಬೇರೆ ರಾಜ್ಯದ ಅಂಗಡಿಯಲ್ಲಿ ಇಷ್ಟವಾದ ಪಿಸ್ತೂಲು ನಿಮ್ಮ ರಾಜ್ಯದ ವ್ಯಾಪಾರಿಯ ಮೂಲಕವೇ ನಿಮ್ಮ ಕೈಸೇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಮಾರಬಹುದಾದ ಹೊಸ ಪಿಸ್ತೂಲುಗಳ ಪಟ್ಟಿಯೇ ಬೇರೆ ಇದ್ದು, ಅಗ್ಗದ ಮಾದರಿ ಅದರಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಕರ್ನಾಟಕದಲ್ಲೇ ಇದ್ದು ಓದುತ್ತಿರುವವರಿಗೆ ಒಂದು ಮಾತು: ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ದಾರಿಯೇ ಬೇರೆ, ಮತ್ತು ಈ ಕ್ರೀಡೆಗೆ ಪ್ರವೇಶ ಸಾಮಾನ್ಯವಾಗಿ 10 ಮೀಟರ್ ಏರ್ ಪಿಸ್ತೂಲಿನಿಂದ. ಅದು ಕೀಳಾದ ದಾರಿಯಲ್ಲ. ಟ್ರಿಗರ್ ಒತ್ತುವ ಕಲೆಯನ್ನು ಏರ್ ಪಿಸ್ತೂಲಿನಷ್ಟು ನಿಷ್ಠುರವಾಗಿ ಕಲಿಸುವ ಉಪಕರಣ ಇನ್ನೊಂದಿಲ್ಲ.

ಯಾವ ಪಿಸ್ತೂಲಿನ ಮಾತು

ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್ 29ರಂದು ಅಂಗೀಕರಿಸಿತು; 1920ರ ದಶಕದಲ್ಲಿ ಚಿಕ್ಕಪುಟ್ಟ ಬದಲಾವಣೆಗಳಾಗಿ ಎ1 ರೂಪ ಬಂದಿತು; 1985ರಲ್ಲಿ ಬೆರೆಟ್ಟಾ 9 ಎಂಎಂ ಪಿಸ್ತೂಲು ಅದರ ಜಾಗಕ್ಕೆ ಬರುವವರೆಗೂ ಅದೇ ಸೇನೆಯ ಮುಖ್ಯ ಪಿಸ್ತೂಲಾಗಿತ್ತು. 5 ಅಂಗುಲದ ಬ್ಯಾರೆಲ್, ಖಾಲಿ ಇದ್ದಾಗ ಸುಮಾರು 1.1 ಕಿಲೋ ತೂಕ, ಏಳು ಗುಂಡುಗಳ ಮ್ಯಾಗಜಿನ್, .45 ಎಸಿಪಿ ಎಂಬ, 0.45 ಅಂಗುಲ ಅಗಲದ ಗುಂಡು ಎಂಬುದು ಅದರ ಮೂಲ ಚಹರೆ. ಪೇಟೆಂಟುಗಳ ಕಾಲ ಎಂದೋ ಮುಗಿದಿರುವುದರಿಂದ ಯಾರು ಬೇಕಾದರೂ ಇದನ್ನು ತಯಾರಿಸಬಹುದು. ಹೀಗಾಗಿ ಫಿಲಿಪ್ಪೀನ್ಸಿನ ಮರಿಕಿನಾದಲ್ಲಿ ಆರ್ಮ್‌ಸ್ಕೋರ್ ತಯಾರಿಸುವ ರಾಕ್ ಐಲ್ಯಾಂಡ್ ಆರ್ಮರಿ ಪಿಸ್ತೂಲುಗಳೂ, ಟರ್ಕಿಯ ಟ್ರಾಬ್ಝೋನಿನಿಂದ ಬರುವ ಟಿಸಾಸ್ ಪಿಸ್ತೂಲುಗಳೂ ಸುಮಾರು 400ರಿಂದ 500 ಡಾಲರಿಗೆ ದೊರೆಯುತ್ತವೆ. ಸ್ಪರ್ಧೆಗೆಂದೇ ಕುಶಲ ಕೆಲಸಗಾರರು ಕೂಡಿಸಿಕೊಡುವ 1911 ಇದರ ನಾಲ್ಕೈದು ಪಟ್ಟು ಬೆಲೆ ಬಾಳುತ್ತದೆ. ಆ ಹೆಚ್ಚಿನ ಹಣ ಎಲ್ಲಿ ಹೋಗುತ್ತದೆ ಎಂಬುದು ಗೊತ್ತಾದರೆ ಅಗ್ಗದ ಪಿಸ್ತೂಲಿನಲ್ಲಿ ಏನನ್ನು ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ಉತ್ತರ ಪಿಸ್ತೂಲಿನ ಯಂತ್ರದೊಳಗೇ ಇದೆ. 1911ರಲ್ಲಿ ಬ್ಯಾರೆಲ್ ಒಂದೇ ಕಡೆ ಸ್ಥಿರವಾಗಿ ಇರುವುದಿಲ್ಲ. ಗುಂಡು ಹಾರಿದಾಗ ಸ್ಲೈಡೂ ಬ್ಯಾರೆಲ್ಲೂ ಒಂದಕ್ಕೊಂದು ಕಚ್ಚಿಕೊಂಡೇ ಸ್ವಲ್ಪ ದೂರ ಹಿಂದಕ್ಕೆ ಸರಿಯುತ್ತವೆ. ಆಮೇಲೆ ಬ್ಯಾರೆಲ್ಲಿನ ಕೆಳಗಿರುವ ಚಿಕ್ಕ ಲಿಂಕ್ ಅದರ ಹಿಂಭಾಗವನ್ನು ಕೆಳಕ್ಕೆ ಎಳೆಯುತ್ತದೆ, ಕಚ್ಚು ಬಿಡುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಹೋಗಿ ಖಾಲಿ ಕೇಸನ್ನು (ಗುಂಡು ಹಾರಿದ ಮೇಲೆ ಉಳಿಯುವ ಲೋಹದ ಕೊಳವೆ) ಹೊರಗೆಸೆದು, ಹೊಸ ಗುಂಡನ್ನು ತಳ್ಳಿಕೊಂಡು ಮುಂದೆ ಬಂದು ಮತ್ತೆ ಬ್ಯಾರೆಲ್ಲನ್ನು ಮೇಲಕ್ಕೆತ್ತಿ ಕಚ್ಚಿಕೊಳ್ಳುತ್ತದೆ. ಗುರಿ ಹಿಡಿಯುವ ಸೈಟುಗಳೆರಡೂ ಇರುವುದು ಸ್ಲೈಡಿನ ಮೇಲೆ. ಆದ್ದರಿಂದ ಪ್ರತಿಸಲವೂ ಬ್ಯಾರೆಲ್ ಸ್ಲೈಡಿನೊಳಗೆ ಅದೇ ಜಾಗಕ್ಕೆ ಹಿಂದಿರುಗಿದರೆ ಗುಂಡೂ ಕಣ್ಣು ನೋಡಿದ ಕಡೆಗೇ ಹೋಗುತ್ತದೆ. ಫ್ರೇಮಿನ ಮೇಲೆ ಇಡೀ ಸ್ಲೈಡ್ ಸ್ವಲ್ಪ ಅಲುಗಾಡಿದರೂ ಸೈಟು ಮತ್ತು ಬ್ಯಾರೆಲ್ ಒಟ್ಟಿಗೇ ಅಲುಗಾಡುವುದರಿಂದ ನಷ್ಟ ಅಷ್ಟಿಲ್ಲ. ದುಬಾರಿ ಪಿಸ್ತೂಲಿನ ಹಣದ ದೊಡ್ಡ ಪಾಲು ಹೋಗುವುದು ಇದೇ ಕೂರಿಕೆಯನ್ನು ಅರದಿಂದ ಉಜ್ಜಿ ಉಜ್ಜಿ ಹೊಂದಿಸುವ ಕೈಗೆಲಸಕ್ಕೆ. ಅಗ್ಗದ ಪಿಸ್ತೂಲಿನಲ್ಲಿ ಆ ಕೈಗೆಲಸ ಇರುವುದಿಲ್ಲ, ಯಂತ್ರ ಕತ್ತರಿಸಿದ ಅಳತೆಗಳು ಎಷ್ಟು ಹೊಂದಿದವೋ ಅಷ್ಟೇ. ಅದಕ್ಕಾಗಿಯೇ ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಪಿಸ್ತೂಲುಗಳು ಬೇರೆಬೇರೆಯಾಗಿ ಹೊಡೆಯುತ್ತವೆ, ಮತ್ತು ಅದಕ್ಕಾಗಿಯೇ ಮಾದರಿಯ ಹೆಸರನ್ನು ನಂಬದೆ ಕೈಗೆ ಬಂದ ಪಿಸ್ತೂಲನ್ನೇ ಪರೀಕ್ಷಿಸಬೇಕು.

ಅಂಗಡಿಯಲ್ಲಿ: ಸುರಕ್ಷತೆಯ ಪರೀಕ್ಷೆ

ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕೋವಿಗಳನ್ನು ತೊಳೆದೊರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಗೆಳೆಯನ ಮನೆಯಲ್ಲಿ ಅದನ್ನು ನೋಡಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಒಡೆದ ಕಾಯಿಯಲ್ಲ. ಕೋವಿ ಕೈಯಿಂದ ಕೈಗೆ ಹೋಗುವಾಗಲೆಲ್ಲ ಅದರ ಬಾಯಿ ಎತ್ತ ತಿರುಗಿದೆ ಎಂಬುದರ ಮೇಲೆಯೇ ನೆಟ್ಟಿರುತ್ತಿದ್ದ ಅವರ ಅಜ್ಜನ ಕಣ್ಣು. ಪಿಸ್ತೂಲು ಚಿಕ್ಕದಾದ್ದರಿಂದ ಆ ಬಾಯಿ ಇನ್ನೂ ಸುಲಭವಾಗಿ ತಪ್ಪು ದಿಕ್ಕಿಗೆ ತಿರುಗುತ್ತದೆ. ಅಂಗಡಿಯವರು ಖಾಲಿ ಎಂದು ಹೇಳಿ ಕೊಟ್ಟರೂ, ಮ್ಯಾಗಜಿನ್ ತೆಗೆದು, ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿಕೊಳ್ಳಿ. ಟ್ರಿಗರ್ ಎಳೆದು ನೋಡುವ ಮುನ್ನ ಅಂಗಡಿಯವರ ಅಪ್ಪಣೆ ಕೇಳಿ. ಅವರು ತೋರಿಸುವ ಸುರಕ್ಷಿತ ದಿಕ್ಕಿಗೇ ಬಾಯಿ ಇರಲಿ.

ಆಮೇಲೆ ನಾಲ್ಕು ಪರೀಕ್ಷೆಗಳು, ಎಲ್ಲವೂ ಖಾಲಿ ಪಿಸ್ತೂಲಿನಲ್ಲಿ. ಹಿಂಬದಿಯ ಬಡಿಯುವ ಸುತ್ತಿಗೆಯಾದ ಹ್ಯಾಮರನ್ನು ಎತ್ತಿ, ಹೆಬ್ಬೆರಳಿನ ಸೇಫ್ಟಿಯನ್ನು ಮೇಲಕ್ಕೆ ಹಾಕಿ ಟ್ರಿಗರ್ ಎಳೆಯಿರಿ, ಹ್ಯಾಮರ್ ಬೀಳಕೂಡದು. ಬೆರಳು ತೆಗೆದು ಸೇಫ್ಟಿಯನ್ನು ಕೆಳಕ್ಕೆ ತಳ್ಳಿರಿ. ಆಗಲೂ ಹ್ಯಾಮರ್ ಬೀಳಕೂಡದು. ಈಗ ಕಿವಿಗೊಟ್ಟು, ಹ್ಯಾಮರನ್ನು ಹೆಬ್ಬೆರಳಿನಿಂದ ನವಿರಾಗಿ ಹಿಂದಕ್ಕೆ ಎಳೆಯಿರಿ: "ಟಿಕ್" ಎಂಬ ಸಣ್ಣ ಸದ್ದು ಬಂದರೆ, ಸೇಫ್ಟಿ ಹಾಕಿದ್ದಾಗಲೇ ಸಿಯರ್ (ಹ್ಯಾಮರನ್ನು ಎತ್ತಿದಲ್ಲೇ ಹಿಡಿದಿಡುವ ಚಿಕ್ಕ ಭಾಗ) ಸ್ವಲ್ಪ ಜಾರಿ ಈಗ ಮರಳಿ ಕೂತಿತೆಂದು ಅರ್ಥ. ಆ ಪಿಸ್ತೂಲನ್ನು ಕೆಳಗಿಟ್ಟುಬಿಡಿ, ಬೆಲೆ ಎಷ್ಟೇ ಇಳಿದಿದ್ದರೂ ಸರಿ. ಎರಡನೆಯದು ಹಿಡಿಯ ಹಿಂದಿರುವ ಗ್ರಿಪ್ ಸೇಫ್ಟಿಯ ಪರೀಕ್ಷೆ: ಅಂಗೈ ಅದನ್ನು ಒತ್ತದಂತೆ ಪಿಸ್ತೂಲನ್ನು ಹಿಡಿದು ಟ್ರಿಗರ್ ಎಳೆದರೆ ಏನೂ ಆಗಕೂಡದು. ಮೂರನೆಯದರಲ್ಲಿ ಸ್ಲೈಡನ್ನು ಕಾಲು ಅಂಗುಲದಷ್ಟು ಹಿಂದಕ್ಕೆ ಎಳೆದು ಹಿಡಿದು ಟ್ರಿಗರ್ ಎಳೆಯಬೇಕು. ಹ್ಯಾಮರ್ ಬಿದ್ದರೆ, ಸ್ಲೈಡ್ ಪೂರ್ತಿ ಮುಚ್ಚುವವರೆಗೆ ಟ್ರಿಗರನ್ನು ತಡೆಯಬೇಕಾದ ಡಿಸ್ಕನೆಕ್ಟರ್ ಕೆಲಸ ಮಾಡುತ್ತಿಲ್ಲ. ನಾಲ್ಕನೆಯದಾಗಿ, ಸ್ಲೈಡನ್ನು ಕೈಯಲ್ಲಿ ಹಿಡಿದೇ ಮುಂದಕ್ಕೆ ಬಿಟ್ಟು, ಹ್ಯಾಮರ್ ಅದರ ಹಿಂದೆಯೇ ಅರ್ಧ ದಾರಿಗೆ ಇಳಿದು ಬರುವುದಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಖಾಲಿ ಚೇಂಬರಿನ ಮೇಲೆ ಸ್ಲೈಡನ್ನು ಧಡಾರನೆ ಬಿಡುವ ಅಭ್ಯಾಸ ಬೇಡ. ಸಿಯರಿನ ಸೂಕ್ಷ್ಮ ಅಂಚಿಗೆ ಪೆಟ್ಟಾಗುತ್ತದೆ, ಮತ್ತು ಆ ಪಿಸ್ತೂಲು ಇನ್ನೂ ನಿಮ್ಮದಾಗಿಲ್ಲ.

ಬ್ಯಾರೆಲ್ಲಿನ ಕೂರಿಕೆ

ಸ್ಲೈಡ್ ಮುಚ್ಚಿರುವಾಗ, ಕೇಸು ಹೊರಬರುವ ಕಿಂಡಿಯಲ್ಲಿ ಬ್ಯಾರೆಲ್ಲಿನ ಹಿಂಬದಿಯ ಚಪ್ಪಟೆ ಭಾಗ ಕಾಣಿಸುತ್ತದೆ. ಅದನ್ನು ಹೆಬ್ಬೆರಳಿನಿಂದ ಕೆಳಕ್ಕೆ ಗಟ್ಟಿಯಾಗಿ ಒತ್ತಿರಿ. ಚೆನ್ನಾಗಿ ಕೂತ ಬ್ಯಾರೆಲ್ ಕಲ್ಲಿನಂತೆ ಇರುತ್ತದೆ. ಕೂರದಿದ್ದರೆ ಬೆರಳಿನ ಕೆಳಗೆ ಸ್ವಲ್ಪ ತಗ್ಗಿ, ಬಿಟ್ಟೊಡನೆ ಮೇಲೇಳುತ್ತದೆ. ಹಳೆಯ ಮನೆಯ ಸಡಿಲ ಹಲಗೆಯ ಮೇಲೆ ಕಾಲಿಟ್ಟಂತೆ. ಕೂದಲೆಳೆಯಷ್ಟು ತಗ್ಗುವುದು ಈ ಬೆಲೆಯಲ್ಲಿ ಸಾಮಾನ್ಯ. ಕಣ್ಣಿಗೆ ಕಾಣುವಷ್ಟು ತಗ್ಗಿದರೆ ಅದೇ ಅಂಗಡಿಯಲ್ಲಿ ಅದೇ ಮಾದರಿಯ ಇನ್ನೊಂದನ್ನು ತೋರಿಸಲು ಕೇಳಿ. ನಾನು ಮೂರು ಪೆಟ್ಟಿಗೆಗಳನ್ನು ತೆರೆಸಿ ನೋಡಿ ಮೂರನೆಯದನ್ನು ಆರಿಸಿಕೊಂಡದ್ದುಂಟು, ಸಂಕೋಚ ಪಡಬೇಕಾದ ವಿಷಯವೇ ಅಲ್ಲ.

ಮುಂದಿನ ತುದಿಯಲ್ಲಿ ಬ್ಯಾರೆಲ್ಲನ್ನು ಹಿಡಿದಿರುವ ಉಂಗುರಕ್ಕೆ ಬುಷಿಂಗ್ ಎನ್ನುತ್ತಾರೆ. ಬಾಯಿಯ ಎದುರಿಗೆ ಕೈ ತಾರದೆ, ಪಕ್ಕದಿಂದ ಬ್ಯಾರೆಲ್ಲಿನ ಅಂಚನ್ನು ಎಡಬಲಕ್ಕೂ ಮೇಲೆಕೆಳಗೂ ನೂಕಿ ನೋಡಿ. ಇಲ್ಲಿ ಸಡಿಲವಿದ್ದರೆ ಹೆಚ್ಚು ಚಿಂತೆ ಬೇಡ, ಏಕೆಂದರೆ ಬಿಗಿಯಾದ ಬುಷಿಂಗನ್ನು ಬೇರೆಯಾಗಿ ಕೊಂಡು ನುರಿತವರಿಂದ ಕೂರಿಸುವುದು ಕಡಿಮೆ ಖರ್ಚಿನ ಕೆಲಸ. ಅದೊಂದರಿಂದಲೇ ಗುಂಡುಗಳು ಒಟ್ಟುಗೂಡುವುದನ್ನು ನಾನು ಕಂಡಿದ್ದೇನೆ. ಹಿಂಭಾಗದ ಸಡಿಲವನ್ನು ಸರಿಪಡಿಸಲು ಹೊಸ ಬ್ಯಾರೆಲ್ಲನ್ನೇ ಹೊಂದಿಸಬೇಕಾಗುತ್ತದೆ, ಅದರ ಕೂಲಿ ಪಿಸ್ತೂಲಿನ ಬೆಲೆಯ ಹತ್ತಿರಕ್ಕೆ ಬಂದುಬಿಡುತ್ತದೆ. ಎರಡರಲ್ಲಿ ಒಂದು ಕಡೆ ರಾಜಿಯಾಗಬೇಕಾದರೆ ಮುಂದುಗಡೆ ರಾಜಿಯಾಗಿ.

ಕೊಂಡು ಮನೆಗೆ ತಂದು ಬಿಚ್ಚಿದಾಗ ಇನ್ನೆರಡು ಕಡೆ ದೀಪ ಹಿಡಿದು ನೋಡಿ. ಗುಂಡು ಮ್ಯಾಗಜಿನ್ನಿನಿಂದ ಚೇಂಬರಿಗೆ ಹತ್ತುವ ಇಳಿಜಾರು ಎರಡು ತುಂಡಿನದು, ಒಂದು ಫ್ರೇಮಿನದು, ಒಂದು ಬ್ಯಾರೆಲ್ಲಿನದು. ಬ್ಯಾರೆಲ್ಲನ್ನು ಫ್ರೇಮಿನಲ್ಲಿಟ್ಟು ಕೆಳಕ್ಕೂ ಹಿಂದಕ್ಕೂ ಒತ್ತಿ ಹಿಡಿದಾಗ ಎರಡರ ನಡುವೆ ಸುಮಾರು 0.8 ಮಿಲಿಮೀಟರ್ ಮೆಟ್ಟಿಲಿನಷ್ಟು ಅಂತರ ಇರಬೇಕು. ಅಂತರವಿಲ್ಲದೆ ಬ್ಯಾರೆಲ್ಲಿನ ಅಂಚು ಹಿಂದಕ್ಕೆ, ಫ್ರೇಮಿನ ಇಳಿಜಾರಿನ ಮೇಲೆ ಚಾಚಿಕೊಂಡಿದ್ದರೆ ಗುಂಡಿನ ಮೂತಿ ಅಲ್ಲಿ ತಗಲಿ ನಿಲ್ಲುತ್ತದೆ. ಎರಡನೆಯದು ಖಾಲಿ ಕೇಸನ್ನು ಎಳೆಯುವ ಕೊಕ್ಕೆ, ಎಕ್ಸ್‌ಟ್ರ್ಯಾಕ್ಟರ್. ಬಿಚ್ಚಿದ ಸ್ಲೈಡಿನಲ್ಲಿ ಆ ಕೊಕ್ಕೆಯ ಕೆಳಗೆ ಖಾಲಿ ಕೇಸೊಂದನ್ನು ಜಾರಿಸಿ, ಸ್ಲೈಡನ್ನು ಮೆಲ್ಲಗೆ ಅಲ್ಲಾಡಿಸಿ: ಕೇಸು ಅಲ್ಲೇ ನೇತಾಡಿಕೊಂಡಿದ್ದರೆ ಬಿಗಿ ಸರಿಯಾಗಿದೆ, ಉದುರಿಬಿದ್ದರೆ ಸಡಿಲ, ಬಲವಂತವಿಲ್ಲದೆ ಒಳಗೇ ಹೋಗದಿದ್ದರೆ ಅತಿಬಿಗಿ. ಅಗ್ಗದ 1911ಗಳಲ್ಲಿ ಕಂಡುಬರುವ ಸಿಕ್ಕಿಹಾಕಿಕೊಳ್ಳುವ ತೊಂದರೆಗಳಲ್ಲಿ ಈ ಕೊಕ್ಕೆಯ ಪಾಲು ದೊಡ್ಡದು.

ಸೈಟು, ಟ್ರಿಗರ್, ಹಿಡಿ

ಸೇನೆಯ ಹಳೆಯ ಮಾದರಿಯನ್ನು ಯಥಾವತ್ತಾಗಿ ಅನುಸರಿಸಿದ ಪಿಸ್ತೂಲುಗಳ ಸೈಟುಗಳು ತೀರ ಚಿಕ್ಕವು. ಮುಂದಿನದು ಉಗುರಿನ ತುದಿಯಷ್ಟು, ಹಿಂದಿನ ಕಚ್ಚು ಅದಕ್ಕೂ ಕಿರಿದು. ನೋಡಲು ಅವು ಆ ಕಾಲದ ಚೆಲುವನ್ನು ಹೊತ್ತಿರುತ್ತವೆ, ನನಗೂ ಇಷ್ಟ. ಆದರೆ ಲೆಕ್ಕ ಹಾಕಿ ನೋಡಿ: ಎರಡು ಸೈಟುಗಳ ನಡುವಿನ ದೂರ ಸುಮಾರು ಆರೂವರೆ ಅಂಗುಲ, ಕಾಗದ ಇರುವುದು 900 ಅಂಗುಲ ದೂರದಲ್ಲಿ. ಮುಂದಿನ ಸೈಟು ಕಚ್ಚಿನಲ್ಲಿ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಕಾಗದದ ಮೇಲೆ ಗುಂಡು ಸುಮಾರು 1.4 ಅಂಗುಲ ಸರಿಯುತ್ತದೆ. ನಲವತ್ತು ದಾಟಿದ ಕಣ್ಣಿಗೆ ಆ ಕಾಲು ಮಿಲಿಮೀಟರ್ ಚಿಕ್ಕ ಸೈಟಿನಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಗುರಿ ಅಭ್ಯಾಸವೇ ಉದ್ದೇಶವಾಗಿದ್ದರೆ, ನೂರು ಡಾಲರ್ ಹೆಚ್ಚು ಕೊಟ್ಟಾದರೂ ಎತ್ತರದ, ಚೌಕ ಕಚ್ಚಿನ, ತಿರುಗಿಸಿ ಹೊಂದಿಸಬಲ್ಲ ಹಿಂಬದಿ ಸೈಟಿರುವ ಮಾದರಿಯನ್ನು ತೆಗೆದುಕೊಳ್ಳಿ. ಹಳೆಯ ಮಾದರಿಯ ಸ್ಲೈಡಿಗೆ ಆಮೇಲೆ ಅಂಥ ಸೈಟನ್ನು ಕೂರಿಸಲು ಸ್ಲೈಡನ್ನೇ ಕತ್ತರಿಸಬೇಕಾಗುತ್ತದೆ.

1911ರ ಟ್ರಿಗರ್ ಕೀಲಿನ ಮೇಲೆ ತಿರುಗದೆ ನೇರವಾಗಿ ಹಿಂದಕ್ಕೆ ಜಾರುವುದರಿಂದ, ಅಗ್ಗದ ಪಿಸ್ತೂಲಿನಲ್ಲೂ ಅದು ಬೇರೆ ಪಿಸ್ತೂಲುಗಳಿಗಿಂತ ಸ್ವಚ್ಛವಾಗಿ ತೋರುತ್ತದೆ. ಕಾರ್ಖಾನೆಯಿಂದ ಬಂದಾಗ ಅದರ ಎಳೆತ ಸಾಮಾನ್ಯವಾಗಿ 5ರಿಂದ 6 ಪೌಂಡ್, ಅಂದರೆ ಎರಡೂಕಾಲು ಕಿಲೋ ಮೇಲ್ಪಟ್ಟು. ಅಮೆರಿಕದ ಸಾಂಪ್ರದಾಯಿಕ ಪಿಸ್ತೂಲು ಸ್ಪರ್ಧೆಯ ನಿಯಮದಂತೆ .45ಕ್ಕೆ 3.5 ಪೌಂಡಿಗಿಂತ ಕಡಿಮೆ ಇರಕೂಡದು. ಕೊಳ್ಳುವಾಗ ತೂಕಕ್ಕಿಂತ ಹೆಚ್ಚಾಗಿ ಗಮನಿಸಬೇಕಾದದ್ದು ನಡತೆಯನ್ನು: ಎಳೆಯುತ್ತಿದ್ದಂತೆ ಮರಳಿನ ಮೇಲೆ ಕಾಲೆಳೆದಂತೆ ಕರಕರ ಎನ್ನುತ್ತದೆಯೋ, ಅಥವಾ ಒಂದು ಗೋಡೆಗೆ ತಾಗಿ ನಿಂತು ಹಠಾತ್ತನೆ ಬಿಡುತ್ತದೆಯೋ? ಐದು ಪೌಂಡಿನ ಸ್ವಚ್ಛ ಟ್ರಿಗರಿನಲ್ಲಿ ಕಲಿಯಬಹುದು, ನಾಲ್ಕು ಪೌಂಡಿನ ಕರಕರ ಟ್ರಿಗರಿನಲ್ಲಿ ಕಲಿಯುವುದು ಕಷ್ಟ. ವಿಡಿಯೋ ನೋಡಿಕೊಂಡು ಮನೆಯಲ್ಲೇ ಸಿಯರನ್ನು ಉಜ್ಜಲು ಹೋಗಬೇಡಿ. ಒಂದು ಎಳೆತಕ್ಕೆ ಎರಡು ಗುಂಡು ಹಾರುವ ಪಿಸ್ತೂಲುಗಳು ಹುಟ್ಟುವುದು ಹೀಗೆಯೇ. ಆ ಕೆಲಸವನ್ನು ಅರಿತ ಗನ್‌ಸ್ಮಿತ್ ಮಾಡಲಿ.

ಇನ್ನು ಹಿಡಿ. ಹಳೆಯ ಮಾದರಿಯ ಗ್ರಿಪ್ ಸೇಫ್ಟಿಯ ಮೇಲಿನ ಬಾಲ ಗಿಡ್ಡ. ಕೈಯನ್ನು ಎತ್ತರಕ್ಕೆ ಹಿಡಿಯುವವರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮವನ್ನು ಹಿಂದಕ್ಕೆ ಬರುವ ಹ್ಯಾಮರ್ ಚಿವುಟುತ್ತದೆ. ಐವತ್ತು ಗುಂಡು ಹೊಡೆದು ಮುಗಿಸುವ ಹೊತ್ತಿಗೆ ಅಲ್ಲಿ ಭತ್ತದ ಕಾಳಿನಷ್ಟು ಕೆಂಪು ಗೆರೆ ಮೂಡಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದಿನ ಸಲ ಆ ನೋವನ್ನು ನೆನೆದು ಕೈ ಮೊದಲೇ ಬೆದರುತ್ತದೆ. ಮಾಂಸಲವಾದ ಕೈಯವರು ಅಗಲ ಬಾಲದ ಮಾದರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ರೇಂಜಿನಲ್ಲಿ

ಕಿವಿಗೆ, ಕಣ್ಣಿಗೆ ರಕ್ಷಣೆಯಿಲ್ಲದೆ ಯಾವ ಪರೀಕ್ಷೆಯೂ ಇಲ್ಲ. ಮೊದಲ ದಿನ ಗುರಿಯ ಬಗ್ಗೆ ಯೋಚಿಸದೆ 150ರಿಂದ 200 ಗುಂಡುಗಳನ್ನು ನಿಧಾನವಾಗಿ ಹೊಡೆದು ಪಿಸ್ತೂಲನ್ನು ಪಳಗಿಸಿ. 230 ಗ್ರೇನ್ ತೂಕದ, ಗುಂಡಗಿನ ಮೂತಿಯ ತಾಮ್ರದ ಹೊದಿಕೆಯ ಗುಂಡು ಈ ಪಿಸ್ತೂಲಿನ ಮೂಲ ಆಹಾರ, ಅದರಿಂದಲೇ ಆರಂಭಿಸಿ. ಮ್ಯಾಗಜಿನ್ನುಗಳ ತಳಕ್ಕೆ 1, 2, 3 ಎಂದು ಗುರುತು ಹಾಕಿ, ಎಲ್ಲಿ ಸಿಕ್ಕಿಕೊಂಡರೂ ಯಾವ ಮ್ಯಾಗಜಿನ್, ಎಷ್ಟನೆಯ ಗುಂಡು ಎಂದು ಬರೆದಿಡಿ. ತೊಂದರೆಗಳೆಲ್ಲ ಒಂದೇ ಸಂಖ್ಯೆಯ ಮ್ಯಾಗಜಿನ್ನಿನಲ್ಲಿ ಬಂದರೆ ಪಿಸ್ತೂಲು ನಿರಪರಾಧಿ. ಖಾಲಿ ಕೇಸುಗಳು ಒಂದೇ ಕಡೆ ರಾಶಿಯಾಗಿ ಬೀಳುತ್ತಿವೆಯೋ, ಒಮ್ಮೆ ಬಲಕ್ಕೆ ಒಮ್ಮೆ ಹಣೆಗೆ ಬಡಿಯುತ್ತಿವೆಯೋ ಎಂಬುದನ್ನೂ ನೋಡಿ; ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದರೆ ಮತ್ತೆ ಆ ಎಕ್ಸ್‌ಟ್ರ್ಯಾಕ್ಟರಿನ ಕಡೆಗೇ ಬೆರಳು ತೋರುತ್ತದೆ. ಪಳಗಿದ ಮೇಲೂ ನೂರು ಗುಂಡುಗಳನ್ನು ತಡೆಯಿಲ್ಲದೆ ಹೊಡೆಯದ ಪಿಸ್ತೂಲಿನ ನಿಖರತೆಯನ್ನು ಅಳೆಯುವುದು ವ್ಯರ್ಥ.

ಸ್ಪರ್ಧಿಗಳು ಇಷ್ಟಪಡುವ, ಮೂತಿ ಕತ್ತರಿಸಿದಂತಿರುವ 185 ಗ್ರೇನ್ ಗುಂಡುಗಳ ಒದೆತ ಮೆದು, ಕಾಗದದಲ್ಲಿ ತೂತು ಚೊಕ್ಕ. ಆದರೆ ಹಳೆಯ ಮಾದರಿಯ ಇಳಿಜಾರು, ಹಳೆಯ ಮಾದರಿಯ ಮ್ಯಾಗಜಿನ್ ತುಟಿಗಳು ಅವುಗಳಿಗಾಗಿ ಮಾಡಿದವಲ್ಲ. ಒಂದೇ ಪೆಟ್ಟಿಗೆ ಕೊಂಡು ಪರೀಕ್ಷಿಸಿ, ನುಂಗಿದರೆ ಮಾತ್ರ ಹೆಚ್ಚು ಕೊಳ್ಳಿ.

ನಿಖರತೆಯ ಪರೀಕ್ಷೆಗೆ ಪಿಸ್ತೂಲನ್ನು ಮರಳಿನ ಚೀಲದ ಮೇಲಿಟ್ಟುಕೊಂಡು, ಕುಳಿತು, ಎರಡೂ ಕೈಯಲ್ಲಿ ಹಿಡಿದು, 25 ಗಜದಲ್ಲಿ ಐದೈದು ಗುಂಡುಗಳ ಐದು ಗುಂಪುಗಳನ್ನು ಹೊಡೆಯಿರಿ. ಪ್ರತಿ ಗುಂಪಿಗೂ ಬೇರೆ ಕಾಗದ. ಅತಿ ದೂರವಿರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಗುಂಡಿನ ಅಗಲ 0.45 ಅಂಗುಲವನ್ನು ಕಳೆದರೆ ಆ ಗುಂಪಿನ ಅಳತೆ. ಐದರ ಸರಾಸರಿಯೇ ಪಿಸ್ತೂಲಿನ ನಿಜ. ಅತ್ಯುತ್ತಮ ಗುಂಪನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲರಿಗೂ ತೋರಿಸುವುದು ನಮ್ಮನ್ನು ನಾವೇ ಏಮಾರಿಸಿಕೊಂಡಂತೆ. "ಅದು ನನ್ನ ತಪ್ಪಿನಿಂದ ಹೋಯಿತು" ಎಂದು ಯಾವ ಗುಂಡನ್ನೂ ಬಿಟ್ಟುಬಿಡಬೇಡಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಗುಂಪಿನ ಮೊದಲ ಗುಂಡು ಎಲ್ಲಿ ಬಿತ್ತೆಂದು ದುರ್ಬೀನಿನಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಮೊದಲ ಗುಂಡನ್ನು ಚೇಂಬರಿಗೆ ತಂದದ್ದು ನಿಮ್ಮ ಕೈ, ಉಳಿದ ನಾಲ್ಕನ್ನು ತಂದದ್ದು ಒದೆತದ ಬಲ. ಕೂರಿಕೆ ಸಡಿಲವಾದ ಪಿಸ್ತೂಲಿನಲ್ಲಿ ಈ ಎರಡು ಸಂದರ್ಭಗಳಲ್ಲಿ ಬ್ಯಾರೆಲ್ ಕೂರುವ ಜಾಗ ಬೇರೆಬೇರೆಯಾಗಿ, ನಾಲ್ಕು ಒಂದು ಕಡೆ ಗುಂಪಾಗಿ ಮೊದಲನೆಯದೊಂದೇ ದೂರ ನಿಲ್ಲುತ್ತದೆ. ಐದೂ ಕಾಗದಗಳಲ್ಲಿ ಮೊದಲ ಗುಂಡು ಒಂದೇ ದಿಕ್ಕಿಗೆ ದೂರವಾಗಿದ್ದರೆ ಅದು ನಿಮ್ಮ ಕೈಯ ತಪ್ಪಲ್ಲ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು.

ಎಷ್ಟಿದ್ದರೆ ಸಾಕು? ಈ ಬೆಲೆಯ ಪಿಸ್ತೂಲು ಸಾಧಾರಣ ಗುಂಡಿನಲ್ಲಿ 25 ಗಜಕ್ಕೆ 3ರಿಂದ 4 ಅಂಗುಲದ ಸರಾಸರಿ ಕೊಟ್ಟರೆ ನಾನು ತೃಪ್ತ. ಸಾಂಪ್ರದಾಯಿಕ ಸ್ಪರ್ಧೆಯ ಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 3.36 ಅಂಗುಲ, ಒಂಬತ್ತರದು 5.54, ಎಂಟರದು 8 ಅಂಗುಲ. ಮೂರೂವರೆ ಅಂಗುಲದ ಪಿಸ್ತೂಲು 25 ಗಜದಲ್ಲಿ ಹೆಚ್ಚುಕಡಿಮೆ ಹತ್ತರ ವೃತ್ತವನ್ನೇ ತುಂಬುತ್ತದೆ. ಆದರೆ ಅದೇ ಸ್ಪರ್ಧೆಯ ನಿಧಾನ ಸುತ್ತು ನಡೆಯುವುದು 50 ಗಜದಲ್ಲಿ. ಅಲ್ಲಿ ಗುಂಪು ಏಳು ಅಂಗುಲಕ್ಕೆ ಹಿಗ್ಗುತ್ತದೆ, ಕೈ ಕಲ್ಲಿನಂತಿದ್ದರೂ ಎಂಟು ಅಂಕಗಳು ಬೀಳುತ್ತವೆ. ಆದ್ದರಿಂದ ಅಗ್ಗದ 1911 ಕ್ಲಬ್ಬಿನ 25 ಗಜದ ಅಭ್ಯಾಸಕ್ಕೆ, ಐದು ಗುಂಡಿಗೆ 20 ಸೆಕೆಂಡ್ ಮತ್ತು 10 ಸೆಕೆಂಡ್ ಕೊಡುವ ವೇಗದ ಸುತ್ತುಗಳಿಗೆ ಧಾರಾಳವಾಗಿ ಸಾಕು. ಒಹಾಯೊದ ಕ್ಯಾಂಪ್ ಪೆರಿಯಲ್ಲಿ 1907ರಿಂದ ನಡೆದುಬಂದ ರಾಷ್ಟ್ರೀಯ ಪಂದ್ಯದಂಥ ಕಡೆ ಮೇಲಿನ ಸ್ಥಾನ ಬಯಸುವವರಿಗೆ ಸಾಲದು. ಅಲ್ಲಿಗೆ ಹೋಗುವ ಮಟ್ಟ ಮುಟ್ಟುವ ತನಕ ಪಿಸ್ತೂಲು ನಿಮಗಿಂತ ಚೆನ್ನಾಗಿಯೇ ಹೊಡೆಯುತ್ತಿರುತ್ತದೆ, ಏಕೆಂದರೆ ಆ ಕ್ರೀಡೆಯಲ್ಲಿ ನಿಂತು, ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು.

ಗುಂಡಿನ ಖರ್ಚನ್ನೂ ಪಿಸ್ತೂಲಿನ ಬೆಲೆಯ ಜೊತೆಗೇ ಕೂಡಿಸಿ. .45ರ ಗುಂಡು ಒಂದಕ್ಕೆ ಅರ್ಧ ಡಾಲರಿನ ಆಸುಪಾಸು. ವಾರಕ್ಕೆ ನೂರು ಹೊಡೆದರೂ ಎರಡೂವರೆ ತಿಂಗಳಲ್ಲಿ ಪಿಸ್ತೂಲಿನಷ್ಟೇ ಹಣ ಹೊಗೆಯಾಗುತ್ತದೆ. ಇದೇ ಮಾದರಿ 9 ಎಂಎಂನಲ್ಲೂ ಸಿಗುತ್ತದೆ, ಗುಂಡಿನ ಖರ್ಚು ಸುಮಾರು ಅರ್ಧ, ಒದೆತವೂ ಕಡಿಮೆ. ಇನ್ನೂ ಹೊಸಬರಾದರೆ ರೂಗರ್ ಮಾರ್ಕ್ 4 ಅಥವಾ ಬ್ರೌನಿಂಗ್ ಬಕ್ ಮಾರ್ಕ್‌ನಂಥ .22 ಪಿಸ್ತೂಲಿನಲ್ಲಿ ಒಂದು ವರ್ಷ ಕಳೆದು ಆಮೇಲೆ 1911ಕ್ಕೆ ಬನ್ನಿ ಎಂದೇ ನನ್ನ ಸಲಹೆ. ಅವುಗಳ ಬ್ಯಾರೆಲ್ ಸ್ಥಿರ, ಅಲುಗಾಡುವ ಕೂರಿಕೆಯ ತಲೆನೋವೇ ಇಲ್ಲ.

ಒಳಾಂಗಣ ರೇಂಜಿನಿಂದ ಹೊರಬಂದೊಡನೆ ತಣ್ಣೀರು, ಸೋಪಿನಲ್ಲಿ ಕೈ, ಮುಖ ತೊಳೆಯಿರಿ. ಸೀಸದ ಧೂಳು ಬಟ್ಟೆಯಲ್ಲೂ ಮನೆಗೆ ಬರುತ್ತದೆ, ಮಕ್ಕಳಿರುವ ಮನೆಗಂತೂ ಅದು ಬರಲೇಬಾರದು. ಅದೇ ಮನೆಯಲ್ಲಿ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ಗುಂಡುಗಳು ಬೇರೆ ಬೀಗದಲ್ಲಿ ಇರಲಿ.

ಐದು ಕಾಗದಗಳ ಸರಾಸರಿ 5 ಅಂಗುಲ ಮೀರಿದರೆ ಗುಂಡಿನ ತಯಾರಕರನ್ನು ಬದಲಿಸಿ ಇನ್ನೊಂದು ದಿನ ಅದೇ ಪರೀಕ್ಷೆ ಮಾಡಿ. ಕ್ಲಬ್ಬಿನಲ್ಲಿ ನಿಮಗಿಂತ ಪಳಗಿದವರ ಕೈಗೆ ಕೊಟ್ಟು ಅವರಿಂದಲೂ ಎರಡು ಗುಂಪು ಹೊಡೆಸಿ. ಆಗಲೂ ಹಾಗೆಯೇ ಬಂದರೆ ಬುಷಿಂಗನ್ನಾಗಲಿ, ಸ್ಪ್ರಿಂಗನ್ನಾಗಲಿ, ಇನ್ನಾವ ಭಾಗವನ್ನಾಗಲಿ ಬದಲಿಸುವ ಮುನ್ನ, ದಿನಾಂಕ ಮತ್ತು ಗುಂಡಿನ ವಿವರ ಬರೆದ ಆ ಕಾಗದಗಳನ್ನು ಜೊತೆಗಿಟ್ಟು ಪಿಸ್ತೂಲನ್ನು ಇದ್ದ ಹಾಗೆಯೇ ವಾರಂಟಿಗೆ ಕಳುಹಿಸಿ. ಒಂದು ಭಾಗಕ್ಕೆ ಅರ ತಾಗಿಸಿದ ಮೇಲೆ ದೋಷ ಕಾರ್ಖಾನೆಯದೋ ನಿಮ್ಮದೋ ಎಂಬ ವಾದದಲ್ಲಿ ಗೆಲ್ಲುವುದು ಕಷ್ಟ.